ಪಂಚಮಿಗೆ ಕರೆದ ಅಂಗಡಿ

ಗಜೇಂದ್ರಗಡದ ಆ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ದಿನ ನನಗೆ ಉಡಿ ತುಂಬಿದರು. ಬೇರೆ ಕಡೆ ಕೆಲಸಕ್ಕೆ ಸೇರಿದವರಿಗೆ ಒಂದು ಕುರ್ಚಿ ತೋರಿಸುತ್ತಾರೆ, ಹೆಚ್ಚೆಂದರೆ ಒಂದು ಕಪ್ ಚಹಾ ಕೊಡುತ್ತಾರೆ. ಇಲ್ಲಿ ಮಾಲಕರ ಹೆಂಡತಿ ನನ್ನನ್ನು ಮಣೆಯ ಮೇಲೆ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ನಾನು ಒಡ್ಡಿದ ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣದ ಬೇರು ಹಾಕಿ, ಮೇಲೊಂದು ಕುಬುಸದ ಖಣ ಇಟ್ಟರು. ಒಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಮದುವೆ ಮುಂಜಿಗಳಲ್ಲೂ ಮಾಡುತ್ತಾರಲ್ಲ, ಹಾಗೇ ಇದೂ ಎಂದುಕೊಂಡೆ.

‘ಇವತ್ತಿಂದ ಇದು ನಿನ್ನ ತವರಮನಿ ಐತಿ. ನೀ ಕೆಲಸಕ್ಕ ಬಂದಾಕಿ ಅಲ್ಲ, ಈ ಮನಿ ಮಗಳು. ನನ್ನ ವೈನಿ ಅಂತ ಕರಿ, ಇವರನ್ನ ಅಣ್ಣಾರು ಅಂತ ಕರಿ’ ಅಂದರು. ವೈನಿ ಅಂದರೆ ಅಣ್ಣನ ಹೆಂಡತಿ. ನನಗೆ ಅಣ್ಣನೂ ಇರಲಿಲ್ಲ, ವೈನಿಯೂ ಇರಲಿಲ್ಲ. ಒಂದೇ ಮುಂಜಾನೆ ಇಬ್ಬರೂ ಸಿಕ್ಕರು.

ನಮ್ಮ ಕಡೆ ಉಡಿ ತುಂಬುವುದೆಂದರೆ ಆಟದ ಮಾತಲ್ಲ. ತವರಿಗೆ ಬಂದ ಮಗಳು ತಿರುಗಿ ಗಂಡನ ಮನೆಗೆ ಹೊರಟಾಗ ಹೆತ್ತವ್ವ ತುಂಬುವುದು ಅದು. ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು. ತುಂಬಿದ ಮೇಲೆ ಅದರೊಳಗಿನ ಒಂದು ಕಾಳನ್ನೂ ತುಂಬಿದವರು ಮುಟ್ಟಬಾರದು. ಆ ಅಕ್ಕಿಯನ್ನು ಗಂಡನ ಮನೆಗೆ ಒಯ್ದು, ದೇವರ ಮುಂದಿಟ್ಟು, ಹುಗ್ಗಿ ಮಾಡಿ ಎಲ್ಲರೂ ಉಣ್ಣಬೇಕು. ನಾನೂ ರೋಣಕ್ಕೆ ಒಯ್ದು ಹಾಗೇ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ‘ನೌಕರಿ ಕೊಟ್ಟಾವ್ರು ಉಡಿ ಯಾಕ ತುಂಬಿದ್ರು?’ ಎಂದು ಕೇಳಿದರು.

‘ಅವರು ದೊಡ್ಡ ಮನಸಿನವರದಾರ್ರಿ ಅತ್ತಿ. ನಿಮಗ ತಿಳಿಯೂದಿಲ್ಲ ಬಿಡ್ರಿ’ ಅಂದೆ.

ಅತ್ತೆ ಸುಮ್ಮನಾದರು. ಅಸೂಟಿಯಲ್ಲಿ ಹುಟ್ಟಿ ಬೆಳೆದ ಆ ಹೆಂಗಸು ಸುಮ್ಮನಾಗುವುದು ಬಹಳ ಅಪರೂಪ. ನಾನು ಗೆದ್ದೆ ಎಂದು ಬೀಗಿದೆ.

ನನ್ನ ತವರಿನ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ದೊಡ್ಡದೇನಲ್ಲ. ನಾನು ಗಜೇಂದ್ರಗಡದ ನೇಕಾರರ ಮಗಳು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ, ಅವ್ವ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮನೆ ಬಾಡಿಗೆಯದು. ನನ್ನ ಮದುವೆಗೆ ಮೊದಲೇ ಅಪ್ಪ ಹೋದ, ಮದುವೆಯಾದ ಮೇಲೆ ಅವ್ವ ಹೋದಳು. ದಿನಕರ್ಮ ಮುಗಿದ ಮೇಲೆ ಮನೆಯ ಮಾಲಕರು ಬೇರೆಯವರಿಗೆ ಬಾಡಿಗೆ ಕೊಟ್ಟರು. ಅವರದೇನೂ ತಪ್ಪಿಲ್ಲ, ಖಾಲಿ ಮನೆ ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಮಗ್ಗ ಕಿತ್ತು ಕುಣಿ ಮುಚ್ಚಿ ಫರಸಿ ಹಾಕಿದರು. ನನ್ನ ತವರು ಅಲ್ಲಿಗೆ ಮುಗಿಯಿತು.

ಇದರ ಬಿಸಿ ತಟ್ಟುತ್ತಿದ್ದುದು ನಾಗರ ಪಂಚಮಿಯಲ್ಲಿ. ಶ್ರಾವಣ ಹುಟ್ಟಿದರೆ ಸಾಕು, ರೋಣದ ನಮ್ಮ ಓಣಿಯ ಸೊಸೆಯಂದಿರ ಕಾಲು ನೆಲಕ್ಕೆ ನಿಲ್ಲುವುದಿಲ್ಲ. ಒಬ್ಬೊಬ್ಬರ ಮನೆಗೂ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ. ಓಣಿ ಖಾಲಿಯಾಗುತ್ತದೆ. ಬೆಳವಣಕಿಗೆ ಕೊಟ್ಟ ನನ್ನ ನಾದಿನಿ ಆಗ ನಮ್ಮ ಮನೆಗೆ ಬರುತ್ತಾಳೆ. ಅವಳಿಗೆ ಇದು ತವರು. ಅವಳು ಬೇವಿನ ಮರದ ಜೋಕಾಲಿಯಲ್ಲಿ ಜೀಕುವಾಗ ನಾನು ಒಳಗೆ ಉಂಡಿ ಕಟ್ಟುತ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಇದ್ದುದು ‘ನೀ ಹೋಗಲಿಲ್ಲೇನ?’ ಎಂದು ಪ್ರತಿ ವರ್ಷ ಕೇಳುವವರ ಮೇಲೆ. ನನ್ನ ಅವ್ವ ಸತ್ತದ್ದು ಅವರಿಗೆಲ್ಲ ಗೊತ್ತಿತ್ತು, ಆದರೂ ಕೇಳುತ್ತಿದ್ದರು.

ಅಂಗಡಿಯವರು ಮೂಲತಃ ನರಗುಂದದ ವ್ಯಾಪಾರಸ್ಥರ ಮನೆತನದವರು. ನೇಕಾರರು ಇರುವಲ್ಲೇ ಅಂಗಡಿ ಇರಲೆಂದು ಗಜೇಂದ್ರಗಡಕ್ಕೆ ಬಂದಿದ್ದರು. ಅಂಗಡಿಗೆ ಬಂದು ಕೊಳ್ಳುವವರು ಕಡಿಮೆ, ವ್ಯಾಪಾರವೆಲ್ಲ ಮೊಬೈಲಿನ ಮೇಲೆ. ಒಂದು ಕೋಣೆಯಲ್ಲಿ ಬಳೆಯ ಆಕಾರದ ದೀಪ, ಅದರ ನಡುವೆ ಮೊಬೈಲು. ಅದರ ಮುಂದೆ ನಿಂತು, ಹೆಗಲಿಗೆ ಒಂದೊಂದೇ ಸೀರೆ ಹಾಕಿಕೊಂಡು ಮಾತನಾಡುವುದು ನನ್ನ ಕೆಲಸ. ಎಲ್ಲೆಲ್ಲೋ ಕೂತ ಹೆಂಗಸರು ಅದೇ ಹೊತ್ತಿಗೆ ನೋಡುತ್ತ, ‘ಸೆರಗು ತೋರಿಸ್ರಿ’, ‘ಬೇರೆ ಬಣ್ಣ ಐತೇನ್ರಿ?’ ಎಂದು ಬರೆಯುತ್ತಿದ್ದರು. ನಾನು ಮಾತಿನ ಮಲ್ಲಿ. ಅಪ್ಪನ ಮಗ್ಗದ ಸಪ್ಪಳದ ಮೇಲೆ ಮಾತನಾಡಿ ಬೆಳೆದವಳು, ಗಂಟಲೂ ಗಟ್ಟಿ. ಮೊದಮೊದಲು ಆ ಕೆಲಸ ನನಗೆ ಹಬ್ಬವೇ ಆಗಿತ್ತು.

ಸೇರುವಾಗ ಹೇಳಿದ ಮಾತುಗಳೂ ಚೆನ್ನಾಗಿದ್ದವು. ಸಂಜೆ ಐದರ ಬಸ್ಸಿಗೆ ಮನೆಗೆ ಹೋಗಬಹುದು. ಬೇಸರವಾದರೆ ಹೇಳಬಹುದು. ನೇಕಾರರ ಹಾಗೆ ಅಮಾವಾಸ್ಯೆಗೆ ರಜೆ. ಗೋಡೆಯ ಮೇಲೆ ‘ಇಲ್ಲಿ ಆಳಿಲ್ಲ, ಅರಸನಿಲ್ಲ, ಎಲ್ಲರೂ ಮನೆಯವರು’ ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದರು. ಮಧ್ಯಾಹ್ನ ಎಲ್ಲರೂ ಸುತ್ತ ಕೂತು, ಒಬ್ಬರ ರೊಟ್ಟಿ ಇನ್ನೊಬ್ಬರು ಉಣ್ಣುತ್ತಿದ್ದೆವು. ವೈನಿಯೂ ನಮ್ಮ ಜೊತೆ ನೆಲದ ಮೇಲೆ ಕೂಡುತ್ತಿದ್ದರು. ‘ಪಂಚಮಿಗಿ ಬ್ಯಾರೆ ಕಡೆ ಹೋಗಬ್ಯಾಡ. ನಾವ ಕರೀತೀವಿ’ ಎಂದು ಒಂದು ದಿನ ಊಟದ ನಡುವೆ ಅಂದರು. ಆ ಮಾತನ್ನು ನಾನು ಗಂಟು ಹಾಕಿ ಇಟ್ಟುಕೊಂಡೆ.

ಎಲ್ಲವೂ ಒಂದೇ ದಿನ ಬದಲಾಗಲಿಲ್ಲ, ಆಗಿದ್ದರೆ ನಾನು ಜಗಳ ಮಾಡುತ್ತಿದ್ದೆ. ಮೊದಲು ಐದರ ಬಸ್ಸು ತಪ್ಪಿತು. ಸಂಜೆ ಹೊತ್ತಿಗೇ ಹೆಚ್ಚು ಮಂದಿ ನೋಡುತ್ತಾರೆ, ಇನ್ನೊಂದು ತಾಸು ನಿಲ್ಲು ಅಂದರು. ಆಮೇಲೆ ಭಾನುವಾರದ ರಜೆ ಹೋಯಿತು. ಸುತ್ತ ಕೂತು ಉಣ್ಣುವುದು ನಿಂತು, ಒಬ್ಬೊಬ್ಬರೇ ಹಿಂದಿನ ಕೋಣೆಯಲ್ಲಿ ನಿಂತುಕೊಂಡು ಎರಡು ತುತ್ತು ನುಂಗಿ ಬರುವುದಾಯಿತು. ರಜೆ ಕೇಳಲು ಹೋದರೆ ಅಣ್ಣಾರು ನಗುತ್ತಿದ್ದರು. ‘ಮನಿ ಮಗಳು ಎಲ್ಲೆರೆ ರಜಾ ಕೇಳತಾಳೇನು?’ ಮಾಲಕನ ಹತ್ತಿರ ವಾದ ಮಾಡಬಹುದು, ಅಣ್ಣನ ಹತ್ತಿರ ಹೇಗೆ ಮಾಡುವುದು? ನಾನು ಹಲ್ಲು ಕಿರಿದು ಹೊರಗೆ ಬರುತ್ತಿದ್ದೆ.

ಅಂಗಡಿಯಲ್ಲಿ ಪಾರ್ಸಲ್ ಕಟ್ಟುವ ಕೆಲಸಕ್ಕೆ ಪುರ್ತಗೇರಿಯ ಒಬ್ಬಳಿದ್ದಳು. ನನಗಿಂತ ಸಣ್ಣವಳು, ಮಾತು ಕಡಿಮೆ. ಅವಳಿಗೂ ಸೇರಿದ ದಿನ ಉಡಿ ತುಂಬಿದ್ದರು. ಆದರೆ ಅವಳು ಐದು ಹೊಡೆದ ಕೂಡಲೇ ಕತ್ತರಿ ಕೆಳಗಿಟ್ಟು ಹೊರಟುಬಿಡುತ್ತಿದ್ದಳು. ವೈನಿ ಮುಖ ಸಣ್ಣ ಮಾಡಿದರೂ ಹಿಂದೆ ನೋಡುತ್ತಿರಲಿಲ್ಲ. ಒಮ್ಮೆ ನಾನೇ ಅವಳಿಗೆ ಬುದ್ಧಿ ಹೇಳಲು ಹೋದೆ.

‘ಯಕ್ಕಾ, ಇದು ನೌಕರಿ’ ಅಂದಳು. ‘ನೀ ಯಾಕ ತವರ ಅಂತಿ? ನಮ್ಮವ್ವ ಊರಾಗ ಅದಾಳ. ನನಗ ತವರ ಹ್ಯಾಂಗಿರತೈತಿ ಅಂತ ಗೊತ್ತೈತಿ.’

ಅವಳ ಮೇಲೆ ಸಿಟ್ಟು ಬಂದು ನಾನು ಒಂದು ವಾರ ಮಾತು ಬಿಟ್ಟೆ. ಅವ್ವ ಇದ್ದವರಿಗೆ ಎಲ್ಲ ಸಲೀಸು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದ ಮಾತು ನಿಜವೇ ಆಗಿತ್ತು. ತವರಿದ್ದವರಿಗೆ ಯಾರಿಂದಲೂ ತವರು ಮಾರಲು ಆಗುವುದಿಲ್ಲ.

ಒಂದು ಅಮಾವಾಸ್ಯೆಯ ದಿನವಂತೂ ನನಗೆ ಚೆನ್ನಾಗಿ ನೆನಪಿದೆ. ರಜೆ ಅಂದಿದ್ದ ದಿನ ಅದು, ಬಾ ಎಂದು ಕರೆಸಿದ್ದರು. ಮುಂಜಾನೆಯಿಂದ ದೀಪದ ಮುಂದೆ ನಿಂತಿದ್ದೆ. ಹೆಗಲ ಮೇಲೆ ಪಟ್ಟೇದಂಚಿನ ಸೀರೆ. ‘ನೇಕಾರರ ಪದ್ಧತಿ ಏನರೆ ಹೇಳು, ಮಂದಿಗೆ ಭಾಳ ಸೇರತೈತಿ’ ಎಂದು ವೈನಿ ಪಕ್ಕದಿಂದ ಸನ್ನೆ ಮಾಡಿದರು. ನಾನು ಹೇಳಿದೆ: ‘ಇವತ್ತ ಅಮಾಸಿ ನೋಡ್ರಿ ಅಕ್ಕಾರ. ಇವತ್ತ ನಮ್ಮ ನೇಕಾರರು ಮಗ್ಗ ಮುಟ್ಟೂದಿಲ್ಲ. ನಮ್ಮಪ್ಪ ಲಾಳಿಗೆ ಕುಂಕುಮ ಹಚ್ಚಿ ಗೂಟಕ್ಕ ತೂಗಹಾಕಿ, ಹಗಲೆಲ್ಲಾ ಮಲಗತಿದ್ದ. ತಿಂಗಳಿಗೊಂದ ದಿನ ಅವನ ಕಾಲಿಗೆ ಬಿಡುವು. ಅವ್ವ ಅವನ ಕಾಲಿಗೆ ಎಣ್ಣಿ ತಿಕ್ಕತಿದ್ಲು.’

ಹೇಳುವಾಗ ನನ್ನ ಕಾಲು ಸೆಳೆಯುತ್ತಿದ್ದವು. ಮೊಬೈಲಿನಲ್ಲಿ ಕೆಂಪು ಹೃದಯಗಳು ಸಾಲಾಗಿ ಮೇಲೇರಿದವು. ವೈನಿಗೆ ಕಣ್ಣಲ್ಲಿ ನೀರು ಬಂದಿತ್ತು. ‘ಎಷ್ಟ ಚಂದ ಹೇಳಿದಿ’ ಎಂದು ಬೆನ್ನು ಸವರಿ, ಮುಂದಿನ ಸೀರೆ ಕೈಗೆ ಕೊಟ್ಟರು. ಅಪ್ಪನಿಗೆ ತಿಂಗಳಿಗೊಮ್ಮೆ ಸಿಗುತ್ತಿದ್ದ ನಿದ್ದೆಯನ್ನು ನಾನು ಅವತ್ತು ಮಾರಿದೆ ಎನಿಸಿತು. ಮನೆಗೆ ಬಂದು ಊಟ ಬೇಡವೆಂದು ಮಲಗಿದೆ.

ಅಲ್ಲಿಂದಾಚೆ ನನ್ನೊಳಗೆ ಏನೋ ಬತ್ತುತ್ತ ಬಂತು. ಸೀರೆ ಮುಟ್ಟಿದರೆ ಕೈಗೆ ಏನೂ ಅನ್ನಿಸುತ್ತಿರಲಿಲ್ಲ, ರೇಷ್ಮೆಯೂ ಒಂದೇ, ನೂಲೂ ಒಂದೇ. ಮನೆಯಲ್ಲಿ ಸೀರೆ ಉಡುವುದನ್ನೇ ಬಿಟ್ಟು ನೈಟಿಯಲ್ಲಿ ಇರತೊಡಗಿದೆ. ಬಸ್ಸಿನಲ್ಲಿ ಪಕ್ಕದವರು ಮಾತನಾಡಿಸಿದರೆ ಕಿಟಕಿಯ ಕಡೆ ತಿರುಗುತ್ತಿದ್ದೆ. ದಿನವಿಡೀ ನಕ್ಕು ನಕ್ಕು ಗಲ್ಲ ನೋಯುತ್ತಿದ್ದವು, ಆದರೂ ಆ ನಗು ಮುಖದಿಂದ ಇಳಿಯುತ್ತಿರಲಿಲ್ಲ. ಒಂದು ಸಂಜೆ ಅತ್ತೆ ಒಲೆಯ ಮುಂದಿನಿಂದ, ‘ಸಾರಿಗೆ ಉಪ್ಪ ಹಾಕಿಯೇನ?’ ಎಂದು ಕೇಳಿದರು. ನಾನು ನಗುತ್ತ ನಿಂತೆ.

‘ಹಲ್ಲ ಯಾಕ ಕಿಸೀತಿ? ಹಾಕಿದ್ರ ಹಾಕೀನಿ ಅನ್ನು, ಇಲ್ಲಾಂದ್ರ ಇಲ್ಲ ಅನ್ನು.’

ಉಪ್ಪು ಹಾಕಿದ್ದೆನೋ ಇಲ್ಲವೋ ನನಗೆ ನೆನಪೇ ಇರಲಿಲ್ಲ.

ನನ್ನ ಗಂಡ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾರೆ, ಉಳ್ಳಾಗಡ್ಡಿ, ಕಡಲೆ ಮಾರ್ಕೆಟ್ಟಿಗೆ ಹಾಕಿ ಬರುತ್ತಾರೆ. ಮದುವೆಯಾದ ಹೊಸತರಲ್ಲಿ ನನ್ನ ಮಾತಿಗೆ ಬೇಸತ್ತು, ‘ಒಂದೀಟ ಬಾಯಿ ಮುಚ್ಚತೀಯೇನ ಮಾರಾಯ್ತಿ’ ಎಂದು ಕೈಮುಗಿದವರು. ಅವರೇ ಒಂದು ದಿನ ಉಣ್ಣುತ್ತ ಕೂತವರು ತಲೆ ಎತ್ತಿ, ‘ನೀ ಮನ್ಯಾಗ ಮಾತಾಡಿ ಎಷ್ಟ ದಿನಾತು, ಗೊತ್ತೈತೇನ?’ ಅಂದರು.

‘ದಿನಾ ಮಾತಾಡೂದ ಐತಲ್ರಿ ನನ್ನ ಕೆಲಸ.’

‘ಅದು ಅವರ ಕೂಡ. ನಮ್ಮ ಕೂಡ ಎಲ್ಲಿ ಮಾತಾಡತಿ? ಬ್ಯಾಡ ಅನಿಸಿದ್ರ ಬಿಟ್ಟಬಿಡು. ಹ್ಯಾಂಗೋ ನಡೀತೈತಿ.’

‘ನಿಮಗೇನ್ರಿ, ನಿಮ್ಮವ್ವ ಮುಂದ ಕುಂತಾಳ’ ಎಂದೆ. ಅವರು ಕೈ ತೊಳೆದುಕೊಂಡು ಎದ್ದು ಹೋದರು. ಕೆಲಸ ಬಿಡು ಅಂದರೆ ನನಗೆ ತವರು ಬಿಡು ಅಂದ ಹಾಗೆ ಕೇಳುತ್ತಿತ್ತು. ಅದನ್ನು ಅವರಿಗೆ ಹೇಗೆ ತಿಳಿಸಲಿ?

ಆಷಾಢದಲ್ಲಿ ಗಂಟಲು ಕಟ್ಟಿತು. ದವಾಖಾನೆಯ ಡಾಕ್ಟರು ಟಾರ್ಚು ಹಿಡಿದು ನೋಡಿ, ಕೆಲವು ದಿನ ಮಾತೇ ಆಡಬೇಡಿ, ಇಲ್ಲದಿದ್ದರೆ ಇರುವ ದನಿಯೂ ಹೋಗುತ್ತದೆ ಎಂದರು. ಅದನ್ನು ಅಂಗಡಿಯಲ್ಲಿ ಹೇಳಿದೆ. ಮಾರನೇ ದಿನ ವೈನಿ ಮನೆಯಿಂದ ಜ್ಯೇಷ್ಠಮಧು, ಶುಂಠಿ ಹಾಕಿ ಕುದಿಸಿದ ಕಷಾಯ ತಂದರು. ತಾವೇ ಲೋಟ ಹಿಡಿದು, ‘ಕುಡಿ ಮಗಳ’ ಎಂದು ಬಾಯಿಗೆ ಹಚ್ಚಿದರು. ಬಿಸಿ ಬಿಸಿ ಕಷಾಯ ಇಳಿದಂತೆ ಜೀವಕ್ಕೆ ಹಾಯೆನಿಸಿತು. ನಾನು ಲೋಟ ಕೆಳಗಿಡುವುದನ್ನೇ ಕಾಯುತ್ತಿದ್ದರೇನೋ, ‘ಈಗ ಒಂದ ಹತ್ತ ಸೀರಿ ಅಷ್ಟ ತೋರಿಸಿಬಿಡು’ ಅಂದರು.

ಅವರು ಕೆಟ್ಟವರು ಎಂದು ಹೇಳಿಬಿಟ್ಟರೆ ನನಗೆ ಸುಲಭವಾಗುತ್ತದೆ. ಆದರೆ ಆ ಕಷಾಯ ಸುಳ್ಳಾಗಿರಲಿಲ್ಲ. ಅವರು ಅದನ್ನು ಮುಂಜಾನೆ ಎದ್ದು ಕೈಯಾರೆ ಕುದಿಸಿದ್ದರು. ಪ್ರೀತಿಯಿಂದ ಕುದಿಸಿದರೋ ಹತ್ತು ಸೀರೆಗಾಗಿ ಕುದಿಸಿದರೋ ಅವರಿಗೂ ತಿಳಿದಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ನನಗೆ ಸಿಟ್ಟು ಬರುವುದೂ ಅದಕ್ಕೇ.

ಹತ್ತು ಸೀರೆ ತೋರಿಸಿದೆ. ಆಮೇಲೆ ಇನ್ನಷ್ಟು ತೋರಿಸಿದೆ. ಬಿಟ್ಟು ಹೋಗಲಿಲ್ಲ, ಯಾಕೆಂದರೆ ಪಂಚಮಿ ಹತ್ತಿರ ಬಂದಿತ್ತು.

ನಾಗರ ಅಮಾವಾಸ್ಯೆಯ ದಿನ ವೈನಿ ಫೋನು ಮಾಡಿದರು. ‘ಪಂಚಮಿಗಿ ಬಂದಬಿಡು. ಎರಡ ದಿನ ಇಲ್ಲೇ ಇರಾಕ ಅರಿಬಿ ತಗೊಂಡ ಬಾ. ಜೋಕಾಲಿ ಕಟ್ಟಿಸೇನಿ’ ಅಂದರು. ಫೋನು ಕೆಳಗಿಡುವ ಮೊದಲೇ ನಾನು ಬಾಗಿಲಿಗೆ ಓಡಿ, ಎದುರು ಮನೆಯವಳಿಗೆ ಕೂಗಿ ಹೇಳಿದೆ: ‘ನನಗ ತವರಿಂದ ಕರಿ ಬಂತವ್ವಾ!’ ಗಂಟಲು ಕಟ್ಟಿದ್ದೂ ಮರೆತುಹೋಗಿತ್ತು. ಬಳೆಗಾರಳನ್ನು ಕರೆಸಿ ಕೈತುಂಬ ಹಸಿರು ಬಳೆ ಇಡಿಸಿಕೊಂಡೆ. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಡಬ್ಬಿ ತುಂಬಿದೆ. ನಾದಿನಿ ಬರುವವಳಿದ್ದಳು, ಅಡುಗೆಯೆಲ್ಲ ಅತ್ತೆಯ ಮೇಲೆ ಬೀಳುತ್ತಿತ್ತು. ಅತ್ತೆ ಗೊಣಗುತ್ತಾರೆ ಎಂದುಕೊಂಡಿದ್ದೆ. ‘ಹೋಗಿ ಬಾ’ ಎಂದಷ್ಟೇ ಅಂದು, ನನ್ನ ಜಡೆಗೆ ತಾವೇ ಹೂ ಮುಡಿಸಿದರು.

ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಮಕ್ಕಳು, ಚೀಲಗಳು. ಪಕ್ಕದಲ್ಲಿ ಕೂತ ಮುದುಕಿ, ‘ಯಾವೂರಾಗ ತಂಗಿ ತವರು?’ ಎಂದು ಕೇಳಿತು.

‘ಗಜೇಂದ್ರಗಡ್ರಿ’ ಅಂದೆ. ಅವ್ವ ಹೋದ ಮೇಲೆ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಅದೇ ಮೊದಲು. ಬಸ್ಸು ಇಳಿಯುವವರೆಗೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಜೋಕಾಲಿ ಕಟ್ಟಿದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಬ್ಬಿಣದ ತೊಲೆಗೆ. ಹಗ್ಗಕ್ಕೆ ಪ್ಲಾಸ್ಟಿಕ್ ಚೆಂಡುಹೂವಿನ ಸರ ಸುತ್ತಿದ್ದರು. ಗೋಡೆಗೆ ಹಳ್ಳಿಮನೆಯ ಚಿತ್ರವಿದ್ದ ದೊಡ್ಡ ಬಟ್ಟೆ, ಅದರ ನಡುವೆ ಬಾಗಿಲಿನಷ್ಟು ಸೀಳು. ಎದುರಿಗೆ ದೀಪ, ಮೊಬೈಲು. ‘ಬಾ ಬಾ, ಬ್ಯಾಗ ಅಲ್ಲಿಡು. ಲಗೂ ಆ ಹಸರ ಸೀರಿ ಉಟ್ಕೊ. ಪಂಚಮಿ ಸೇಲ್ ಐತಿ, ಮಂದಿ ನೋಡಾಕ ಕುಂತಾರ’ ಅಂದರು ವೈನಿ. ನಾನು ಡಬ್ಬಿ ಮುಂದೆ ಮಾಡಿದೆ. ಮುಚ್ಚಳ ತೆಗೆದು ನೋಡಿ, ‘ಎಳ್ಳುಂಡಿ ವಿಡಿಯೋದಾಗ ಕರ್ರಗ ಕಾಣತಾವು’ ಎಂದು ಅದನ್ನು ಪಾರ್ಸಲಿನ ರಟ್ಟುಗಳ ಮೇಲೆ ಇಟ್ಟರು. ಅಲ್ಲಿಯ ತಟ್ಟೆಯಲ್ಲಿ ಬೇಸನ್ ಉಂಡಿಗಳಿದ್ದವು. ಎತ್ತರ ಕಾಣಲೆಂದು ಅಡಿಯಲ್ಲಿ ಒಂದು ಬಟ್ಟಲು ಬೋರಲು ಹಾಕಿದ್ದರು.

ಸ್ವಲ್ಪ ಕೆಲಸವಿರಬೇಕು, ಆಮೇಲೆ ಹಬ್ಬ ಎಂದು ನಾನು ಆಗಲೂ ತಿಳಿದಿದ್ದೆ.

ನಾನು ಮಾಡಬೇಕಾದದ್ದು ಇಷ್ಟು. ಆ ಬಟ್ಟೆಯ ಬಾಗಿಲಿನಿಂದ ತವರಿಗೆ ಬಂದ ಮಗಳ ಹಾಗೆ ಒಳಗೆ ಬರಬೇಕು. ವೈನಿ ಅವ್ವನಾಗಿ ತಬ್ಬಿಕೊಳ್ಳುತ್ತಾರೆ. ಜೋಕಾಲಿಯಲ್ಲಿ ಜೀಕುತ್ತ ಉಟ್ಟ ಸೀರೆಯ ಬಗ್ಗೆ ಹೇಳಬೇಕು. ಕೊನೆಗೆ ವೈನಿ ಉಡಿ ತುಂಬುತ್ತಾರೆ, ನಾನು ಅತ್ತುಕೊಂಡು ಅದೇ ಬಾಗಿಲಿನಿಂದ ಹೋಗಬೇಕು. ಹೋಗಿ, ಬೇರೆ ಸೀರೆ ಉಟ್ಟು, ಮತ್ತೆ ತವರಿಗೆ ಬರಬೇಕು.

ಮೊದಲನೇ ಸಲ ಉಡಿ ತುಂಬುವಾಗ ನನಗೆ ಖರೇನೇ ಕಣ್ಣು ತುಂಬಿ ಬಂತು. ಅಕ್ಕಿ ಸೆರಗಿಗೆ ಬೀಳುವ ಸಪ್ಪಳಕ್ಕೇ ಅಳು ಒತ್ತಿ ಬಂತು. ಬಟ್ಟೆಯ ಹಿಂದೆ ಹೋಗಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದೆ. ವೈನಿ ಹಿಂದೆಯೇ ಬಂದು, ‘ಭಾಳ ಚಲೋ ಅತ್ತಿ. ಹಿಂಗ ಪ್ರತಿ ಸಲ ಅಳು’ ಎನ್ನುತ್ತ ಖಾಲಿ ತಟ್ಟೆಯನ್ನು ನನ್ನ ಮಡಿಲ ಕೆಳಗೆ ಹಿಡಿದರು. ‘ಅಕ್ಕಿ ಇದರಾಗ ಹಾಕು. ಮತ್ತ ಬೇಕಾಕ್ಕೈತಿ.’

ತುಂಬಿದ ಉಡಿಯನ್ನು ತುಂಬಿದವರೇ ತಿರುಗಿ ಕೇಳಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಹಾಕಿದೆ. ಬಾಗಿಲಲ್ಲಿ ಪಾರ್ಸಲ್ ಹಿಡಿದು ನಿಂತಿದ್ದ ಪುರ್ತಗೇರಿಯವಳು ಮುಖ ಆ ಕಡೆ ಮಾಡಿದಳು.

ಎರಡನೇ ಸಲ ಬಂದೆ, ಜೀಕಿದೆ, ಅತ್ತ ಹಾಗೆ ಮಾಡಿದೆ, ಅಕ್ಕಿ ತಿರುಗಿ ಕೊಟ್ಟೆ. ಹಾಗೇ ಮತ್ತೆ ಮತ್ತೆ. ಅದೇ ಕೊಬ್ಬರಿ ಬಟ್ಟಲು, ಅದೇ ಉತ್ತತ್ತಿ. ಮಧ್ಯಾಹ್ನದ ಹೊತ್ತಿಗೆ ಅಕ್ಕಿಯೊಳಗೆ ಕುಂಕುಮ, ಸೀರೆಯ ಎಳೆ, ನನ್ನದೋ ಅವರದೋ ಕೂದಲು ಬೆರೆತಿದ್ದವು. ನನ್ನ ದನಿ ಪೂರ್ತಿ ಒಡೆದಿತ್ತು. ದನಿ ಒಡೆದದ್ದು ಅಳುವಿಗೆ ಚೆನ್ನಾಗಿ ಹೊಂದುತ್ತದೆ ಎಂದು ಅಣ್ಣಾರು ಮೆಚ್ಚಿದರು.

ಸೀರೆಗೆ ಪಿನ್ನು ಹಚ್ಚಿಸಿಕೊಳ್ಳುವಾಗ ಮೆಲ್ಲಗೆ ಕೇಳಿದೆ. ‘ವೈನಿ, ಈ ಸಲ ಹಾಕಿದ್ದ ಅಕ್ಕಿ ನನ್ನ ಉಡ್ಯಾಗ ಇರಲಿ. ಬ್ಯಾರೆ ಅಕ್ಕಿ ತಗೀರಿ. ತುಂಬಿದ ಉಡಿ ತಿರಗಿ ತಗೋಬಾರದ್ರಿ.’

‘ಹುಚ್ಚಿ, ಇದೇನ ಖರೇ ಉಡಿಯೇನ? ವಿಡಿಯೋಕ್ಕ ಮಾಡೂದು.’

‘ಹಂಗಾದ್ರ ನಾ ಸೇರಿದ ದಿನದ್ದು?’

‘ಅದೂ ವಿಡಿಯೋಕ್ಕ ಅಲ್ಲೇನು? ನಿನ್ನ ಮುಂದ ಮಾಡಿದ್ರಲ್ಲ’ ಅಂದರು ವೈನಿ, ನೆರಿಗೆ ಸರಿಮಾಡುತ್ತ. ದನಿಯಲ್ಲಿ ಕುಹಕವಿರಲಿಲ್ಲ, ಸಿಟ್ಟಿರಲಿಲ್ಲ. ಇಷ್ಟು ದಿನ ಇದು ನಿನಗೆ ಗೊತ್ತಿರಲಿಲ್ಲವೇ ಎಂಬ ಆಶ್ಚರ್ಯ ಮಾತ್ರ ಇತ್ತು.

ನಾನು ಹೋಗಿ ಬಟ್ಟೆಯ ಬಾಗಿಲಿನಿಂದ ಒಳಗೆ ಬಂದೆ. ತಬ್ಬಿಕೊಂಡರು. ಜೀಕಿದೆ. ಉಡಿ ಒಡ್ಡಿದೆ, ತುಂಬಿದರು. ಈ ಸಲ ಅಳು ಬರಲಿಲ್ಲ. ಸೆರಗಿನ ತುದಿ ಎಳೆದು ಬಿಗಿಯಾಗಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೀಳಿನಿಂದ ಆಚೆ ಹೋದೆ, ತಟ್ಟೆ ಹಿಡಿದು ಬಂದ ವೈನಿಯನ್ನು ದಾಟಿದೆ, ಅಂಗಡಿ ದಾಟಿದೆ, ರಸ್ತೆಗೆ ಬಂದೆ. ನೋಡುತ್ತ ಕೂತಿದ್ದ ಮಂದಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಅವರ ಲೆಕ್ಕಕ್ಕೆ ಮಗಳು ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪುರ್ತಗೇರಿಯವಳು ಏದುಸಿರು ಬಿಡುತ್ತ ನನ್ನ ಬ್ಯಾಗು, ಉಂಡಿಯ ಡಬ್ಬಿ ತಂದುಕೊಟ್ಟಳು. ನಾನು ಹೇಳಿದ್ದೆನಲ್ಲ ಎಂದು ಅವಳು ಅನ್ನಬಹುದಿತ್ತು, ಅನ್ನಲಿಲ್ಲ. ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದಳು. ನಾನು ಉಟ್ಟಿದ್ದ ಅಂಗಡಿಯ ಸೀರೆಯನ್ನು ಮಾರನೇ ದಿನ ನನ್ನ ಗಂಡ ಗಾಡಿಯಲ್ಲಿ ಹೋಗಿ ಕೊಟ್ಟುಬಂದರು.

ರೋಣದ ಮನೆಯಲ್ಲಿ ಊಟ ಆಗಷ್ಟೇ ಮುಗಿದಿತ್ತು. ನಾದಿನಿ ಜೋಕಾಲಿಯಿಂದ ಇಳಿದು, ‘ವೈನಿ, ಇವತ್ತ ಬಂದ್ರಲ್ಲ?’ ಎಂದು ಕೇಳಿದಳು. ಅತ್ತೆ ನನ್ನ ಸೊಂಟದ ಗಂಟು ನೋಡಿದರು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಅಕ್ಕಿ ತಿರುಗಿ ಸುರಿಸಿಕೊಂಡದ್ದನ್ನು ಹೇಳುವಾಗ ಅವರು ಎರಡು ಸಲ ಕೇಳಿದರು, ನಂಬಿಕೆಯಾಗದವರ ಹಾಗೆ. ಆಮೇಲೆ ಗಂಟು ಬಿಚ್ಚಿ ಅಕ್ಕಿಯನ್ನು ಒಂದು ಮೊರಕ್ಕೆ ಹಾಕಿಕೊಂಡರು.

‘ಇದು ಒಲಿಗೆ ಏರಬಾರದು’ ಎಂದು ಹಿತ್ತಲಿಗೆ ಹೋಗಿ ಪಕ್ಕದ ಮನೆಯ ಕೋಳಿಗಳಿಗೆ ಚೆಲ್ಲಿ ಬಂದರು. ಬಂದು ಹಾಸಿಗೆ ಬಿಡಿಸಿದರು.

‘ನೋಡು’ ಅಂದರು, ‘ನಾ ನಿನ್ನ ಅತ್ತಿ. ನಿಮ್ಮವ್ವ ಅಲ್ಲ. ಅವ್ವ ಅಂತ ಹೇಳಿದ್ರ ಅದೂ ಸುಳ್ಳಾಕ್ಕೈತಿ. ನಾಳಿಗೆ ಮತ್ತ ನಿನ್ನ ಕೂಡ ಜಗಳಾ ತಗೀತೀನಿ. ಆದ್ರ ಇವತ್ತ ಮಲಕೊ. ನಿನಗ ಯಾರೂ ಏನೂ ಕೇಳೂದಿಲ್ಲ.’

ಮಲಗಿದೆ. ಎಷ್ಟೋ ತಿಂಗಳಿಂದ ನನಗೆ ಯಾರೂ ಹೇಳಿರದಷ್ಟು ಖರೆ ಮಾತು ಅದು. ಆದರೂ ಎದೆ ಹಗುರಾಗಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಮನೆಮಗಳಾಗಿ ಹೀಗೆ ಮಾಡಬಾರದಿತ್ತು ಎಂದು ವೈನಿ ಮೆಸೇಜು ಹಾಕಿದ್ದರು. ಅದಕ್ಕೆ ಉತ್ತರ ಬರೆಯಲಿಲ್ಲ, ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನನ್ನ ದನಿ ಈಗಲೂ ಮೊದಲಿನಷ್ಟು ಏರುವುದಿಲ್ಲ. ಯಾರಾದರೂ ಮೊಬೈಲು ಎತ್ತಿ ಹಿಡಿದರೆ ತುಟಿ ತಾನೇ ಅಗಲವಾಗುತ್ತದೆ, ಅದನ್ನು ಕೈಯಿಂದ ಮುಚ್ಚಿಕೊಳ್ಳುತ್ತೇನೆ.

ಪಂಚಮಿ ಕಳೆದು ನಾದಿನಿ ಬೆಳವಣಕಿಗೆ ಹೊರಟಳು. ಅತ್ತೆ ಮಣೆ ಹಾಕಿ ಅವಳನ್ನು ಕೂಡಿಸಿದರು, ಅಕ್ಕಿಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ‘ನೀ ತುಂಬು. ನೀ ಅಕೀ ವೈನಿ’ ಅಂದರು. ನಾನು ಬೊಗಸೆ ಬೊಗಸೆಯಾಗಿ ಅವಳ ಉಡಿಗೆ ಅಕ್ಕಿ ಹಾಕಿದೆ. ಅವಳು ಅಳತೊಡಗಿದಳು. ಯಾರೂ ನೋಡುತ್ತಿರಲಿಲ್ಲ, ಯಾರೂ ಅಳು ಎಂದು ಹೇಳಿರಲಿಲ್ಲ. ಅತ್ತೆಯ ಹೆಗಲಿಗೆ ಮುಖವಿಟ್ಟು, ಮೂಗು ಸೋರಿಸಿಕೊಂಡು, ಕೆಟ್ಟದಾಗಿ ಅತ್ತಳು. ‘ಹೋಗಿ ಬಾ, ಹೋಗಿ ಬಾ’ ಎನ್ನುತ್ತ ಅತ್ತೆಯೂ ಅತ್ತರು. ಹಿಂದಿನ ವರ್ಷಗಳಲ್ಲಿ ಅವಳು ನಗುವುದನ್ನು ಕಂಡು ನನಗೆ ಹೊಟ್ಟೆ ಉರಿದಿದ್ದುಂಟು. ಅವತ್ತು ಅವಳ ಅಳು ಕಂಡು ಹೊಟ್ಟೆ ಉರಿಯಿತು.

ಅವಳನ್ನು ಬಸ್ಸಿಗೆ ಹತ್ತಿಸಲು ಎಲ್ಲರೂ ಹೋದರು. ನಾನು ಖಾಲಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತೆ. ಅವ್ವ ಸತ್ತು ಅಷ್ಟು ವರ್ಷ ಕಳೆದಿದ್ದವು. ಅವಳು ಇನ್ನು ಬರುವುದಿಲ್ಲ ಎಂದು ನನಗೆ ತಿಳಿದದ್ದು ಅವತ್ತು.